ಅತ್ತೆಯ ದವಡೆ, ಅಳಿಯನ ಕರ್ನಲ್

ಅಂದು ಬೆಳಿಗ್ಗೆ ಡಾಕ್ಟರು ಹಾಸಿಗೆಯಿಂದ ಏಳುವಾಗಲೇ ದಂಡಯಾತ್ರೆಗೆ ಹೊರಟ ಸೇನಾಪತಿಯ ಗತ್ತಿನಲ್ಲಿದ್ದರು. ಹೊದಿಕೆಯನ್ನು ಒಂದು ಕಡೆ ಎಸೆದು, ಎದೆ ಸೆಟೆಸಿ, "ಇವತ್ತು ಕರ್ನಲ್ ಬದಲಾಯಿಸಿಬಿಡ್ತೀನಿ" ಎಂದು ಘೋಷಿಸಿದರು.

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಡಾಕ್ಟರಮ್ಮ ತಿರುಗಿಯೂ ನೋಡಲಿಲ್ಲ. "ಮೊದಲು ಬನಿಯನ್ ಬದಲಾಯಿಸಿ" ಅಂದರು.

ಗಂಡ ಹೆಂಡತಿ ಇಬ್ಬರೂ ಹಲ್ಲಿನ ವೈದ್ಯರು. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ನಡುವೆ ಒಂದು ಮಂಜುಗಾಜಿನ ಅಡ್ಡಗೋಡೆ. ಆಚೆ ಆಕೆಯ ಕುರ್ಚಿ, ಈಚೆ ಇವರ ಕುರ್ಚಿ. ಇವರ ಕಡೆಯ ಮೂಲೆಯಲ್ಲಿ ಇಬ್ಬರಿಗೂ ಸೇರಿದ ಒಂದೇ ಒಂದು ಕಂಪ್ಯೂಟರ್. ರೋಗಿಯ ಬಾಯಲ್ಲಿ ಚಪ್ಪಟೆ ಬಿಲ್ಲೆಯೊಂದನ್ನು ಇಟ್ಟು ಗುಂಡಿ ಒತ್ತಿದರೆ ಹಲ್ಲಿನ ಎಕ್ಸ್‌ರೇ ಚಿತ್ರ ನೇರವಾಗಿ ಅದರ ಹೊಟ್ಟೆಗೆ ಹೋಗಿ ಕೂರುತ್ತದೆ. ಆ ಕಂಪ್ಯೂಟರಿನಲ್ಲಿ ಓಡುವುದು ಎಲ್ಲರ ಮನೆಯ ವಿಂಡೋಸ್ ಅಲ್ಲ, ಲಿನಕ್ಸ್. ಹಾಕಿದವರು ಸ್ವತಃ ಡಾಕ್ಟರು. ಈ ಸಂಗತಿ ಬಾಯಿ ತೆರೆದುಕೊಂಡು ಮಲಗಿದ ಪ್ರತಿಯೊಬ್ಬ ರೋಗಿಗೂ ಗೊತ್ತು. ಬಾಯಿ ಮುಚ್ಚಿ ಬೇರೆ ಮಾತು ತೆಗೆಯುವ ಸ್ವಾತಂತ್ರ್ಯ ಅವರಿಗಿಲ್ಲವಲ್ಲ.

ಇಷ್ಟಕ್ಕೂ ಕರ್ನಲ್ ಬದಲಾಯಿಸುವ ಗಂಡಾಂತರ ಬಂದದ್ದು ಹೊಸ ಪರದೆಯಿಂದ. ಹಿಂದಿನ ವಾರ ಡಾಕ್ಟರು ಊಟದ ಮೇಜಿನಷ್ಟು ದೊಡ್ಡ ಪರದೆಯೊಂದನ್ನು ತಂದು ಗೋಡೆಗೆ ನೇತುಹಾಕಿದ್ದರು. ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡನ್ನೂ ಕಂಪ್ಯೂಟರಿಗೆ ಸಿಕ್ಕಿಸಿದ್ದರು. ಆದರೆ ಚಿತ್ರ ಅರ್ಧ ಪರದೆಗೇ ನಿಂತುಬಿಡುತ್ತಿತ್ತು, ಉಳಿದರ್ಧ ಕಪ್ಪು. ಪೂರ್ತಿ ತುಂಬಬೇಕಾದರೆ ಹೊಸ ಡ್ರೈವರ್ ಬೇಕು, ಅಂದರೆ ಪರದೆಗೆ ಚಿತ್ರ ತಲುಪಿಸುವ ತಂತ್ರಾಂಶ. ಹೊಸ ಡ್ರೈವರ್ ಬೇಕಾದರೆ ಹೊಸ ಕರ್ನಲ್ ಬೇಕು, ಅಂದರೆ ಇಡೀ ಯಂತ್ರದ ಯಜಮಾನಿಕೆ ನಡೆಸುವ ಒಳಗಿನ ತಿರುಳು.

ಇದನ್ನೆಲ್ಲ ಅಪಾಯವಿಲ್ಲದೆ ಮಾಡುವುದು ಹೇಗೆಂದು ಡಾಕ್ಟರಿಗೆ ಗೊತ್ತಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ದಂತವೈದ್ಯರ ಸಂಘದ ಸಭೆಯಲ್ಲಿ ಅದರ ಮೇಲೆ ಭಾಷಣವನ್ನೇ ಬಿಗಿದಿದ್ದರು. ರೋಗಿಗಳಿರುವ ದಿನ ಕರ್ನಲ್ಲಿಗೆ ಕೈ ಹಾಕಬೇಡಿ, ಮೊದಲು ಎಲ್ಲದರ ಪ್ರತಿ ತೆಗೆದಿಡಿ, ಹಳೆಯ ಕರ್ನಲ್ಲನ್ನು ಅಳಿಸಬೇಡಿ, ಕೆಲಸ ಮುಗಿಯುವ ಮುಂಚೆ ಯಂತ್ರ ಆರಿಸಬೇಡಿ, ಆತುರ ಬೇಡ ಎಂದು ಮೇಜು ಕುಟ್ಟಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ಎಕ್ಸ್‌ರೇಗಳ ಪ್ರತಿಯನ್ನು ಹಿಂದಿನ ಸಂಜೆಯೇ ತೆಗೆದಿಟ್ಟಿದ್ದರು. ಹಳೆಯ ಕರ್ನಲ್ಲನ್ನೂ ಒಳಗೆ ಹಾಗೇ ಉಳಿಸಿಕೊಂಡಿದ್ದರು. ಮಿಕ್ಕ ಉಪದೇಶವನ್ನು ಮಾತ್ರ ಅಂದು ಬೆಳಿಗ್ಗೆ ಗಾಳಿಗೆ ತೂರಿದರು.

"ರೋಗಿಗಳು ಬರೋ ಹೊತ್ತಲ್ಲಿ ಯಾಕೆ ಆ ಉಸಾಬರಿ? ರಜದ ದಿನ ಮಾಡಬಾರದಾ?" ಎಂದು ಡಾಕ್ಟರಮ್ಮ ಕೇಳಿದರು.

"ಇವತ್ತು ಯಾರು ಬರ್ತಿದ್ದಾರೆ ಗೊತ್ತು ತಾನೆ? ಅರ್ಧ ಪರದೆ ತೋರಿಸಿ ಮಾನ ಕಳ್ಕೊಳ್ಳಲಾ?"

ಬರುತ್ತಿದ್ದವರು ಅತ್ತೆ, ಡಾಕ್ಟರಮ್ಮನ ತಾಯಿ.

ಇಲ್ಲೊಂದು ಹಳೆಯ ಅವಮಾನದ ಕಥೆಯಿದೆ. ಮಗಳು ಹಲ್ಲಿನ ಡಾಕ್ಟರು, ಅಳಿಯ ಹಲ್ಲಿನ ಡಾಕ್ಟರು. ಆದರೂ ಅತ್ತೆಯವರು ಮಗಳ ಮದುವೆಯಾದಾಗಿನಿಂದ ಹಲ್ಲು ತೋರಿಸುತ್ತಿದ್ದದ್ದು ಎದುರು ಬೀದಿಯ ಇನ್ನೊಬ್ಬ ಹಲ್ಲಿನ ಡಾಕ್ಟರಿಗೆ! ಮಗಳ ಮನೆಯ ಮುಂದೆಯೇ ಹಾದು, ಕಿಟಕಿಯಲ್ಲಿ ಅಳಿಯ ಕಂಡರೆ ಕೈಬೀಸಿ, ಸೀದಾ ಅಲ್ಲಿಗೆ ಹೋಗುತ್ತಿದ್ದರು. ತಾಯಿಯ ಬಾಯಿಗೆ ಇಕ್ಕಳ ಹಾಕುವುದೆಂದರೆ ಡಾಕ್ಟರಮ್ಮನ ಕೈ ನಡುಗುತ್ತಿತ್ತು, ಹಾಗಾಗಿ ಅವರು ಮೊದಲಿಂದಲೂ ತಪ್ಪಿಸಿಕೊಂಡಿದ್ದರು. ಅಳಿಯನ ಹತ್ತಿರ ಯಾಕೆ ಬರುವುದಿಲ್ಲವೆಂದು ಅತ್ತೆಯವರು ಯಾವತ್ತೂ ಹೇಳಿರಲಿಲ್ಲ, ಇವರಿಗೆ ಕೇಳುವ ಧೈರ್ಯವೂ ಇರಲಿಲ್ಲ. ಎದುರು ಬೀದಿಯವನು ಮಾತ್ರ ಎಲ್ಲಿ ಸಿಕ್ಕರೂ "ನಿಮ್ಮ ಅತ್ತೆ ಚೆನ್ನಾಗಿದ್ದಾರೆ" ಎಂದು ನಗುತ್ತಿದ್ದ. ಆ ನಗುವನ್ನು ತಪ್ಪಿಸಲು ಡಾಕ್ಟರು ಬೀದಿ ಸುತ್ತಿ ಹೋಗುತ್ತಿದ್ದರು.

ಈಗ ಅವನು ಊರಲ್ಲಿಲ್ಲ, ಮರುದಿನ ಬರುತ್ತಾನೆ. ಅತ್ತೆಯವರಿಗೆ ಎರಡು ದಿನದಿಂದ ದವಡೆ ನೋವು, ಸಹಿಸಲಾಗದೆ ಅಳಿಯನ ಕುರ್ಚಿಗೆ ಬರಲು ಒಪ್ಪಿದ್ದಾರೆ. ಇವತ್ತು ಗೆದ್ದರೆ ಅತ್ತೆ ಜನ್ಮಕ್ಕೂ ಇಲ್ಲಿನವರು. ಇವತ್ತು ಎಡವಿದರೆ ನಾಳೆಯಿಂದ ಮತ್ತೆ ಕಿಟಕಿಯಲ್ಲಿ ಕೈಬೀಸುವುದೇ ಗತಿ. ಒಂದೇ ಒಂದು ಒಳ್ಳೆಯ ಮಾತು ಅತ್ತೆಯ ಬಾಯಿಂದ ಬರಬೇಕು, ಅದು ಆ ದೊಡ್ಡ ಪರದೆಯ ಮುಂದೆಯೇ ಬರಬೇಕು ಎಂಬುದು ಡಾಕ್ಟರ ಹಟ.

ಹೊಸ ಕರ್ನಲ್ ಸಲೀಸಾಗಿ ಇಳಿದು ಕೂತಿತು. ಅದಕ್ಕೆ ಹೊಂದುವಂತೆ ಡ್ರೈವರನ್ನು ಕಟ್ಟುತ್ತಿದ್ದೇನೆ, ದಯವಿಟ್ಟು ಆರಿಸಬೇಡಿ ಎಂದು ಪರದೆಯ ಮೇಲೆ ಬಂತು. ಅದೇ ಹೊತ್ತಿಗೆ ಅತ್ತೆಯವರು ಕೆನ್ನೆಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತರು. ಡಾಕ್ಟರಮ್ಮ ಅಷ್ಟರಲ್ಲಿ ಆಚೆ ಸಂಗೀತದ ಮೇಷ್ಟ್ರೊಬ್ಬರ ರೂಟ್ ಕೆನಾಲ್ ಚಿಕಿತ್ಸೆಗೆ ಕೂತಾಗಿತ್ತು. ಅದು ನಡುವೆ ಬಿಟ್ಟು ಏಳುವ ಕೆಲಸವಲ್ಲ.

"ಬನ್ನಿ ಅತ್ತೆ, ಬನ್ನಿ" ಎಂದು ಡಾಕ್ಟರು ಕುರ್ಚಿಯನ್ನು ಎರಡು ಸಲ ಒರೆಸಿ ಕೂರಿಸಿದರು. ಎಲ್ಲಿ ನೋವು ಎಂದು ಕೇಳಿದರೆ ಅತ್ತೆಯವರು ಕೆಳಗಿನ ಎಡ ದವಡೆಯ ಮೇಲೆ ಬೆರಳಿಟ್ಟರು. ಅಲ್ಲಿ ಹಿಂದಿನ ಎರಡು ಹಲ್ಲುಗಳು, ಎದುರು ಬೀದಿಯವನು ಎಂದೋ ಬೆಳ್ಳಿ ಬಣ್ಣದ ಸಿಮೆಂಟು ತುಂಬಿ ಮುಚ್ಚಿದವು, ಅವಳಿಗಳ ಹಾಗೆ ಕೂತಿದ್ದವು. ಎರಡರಲ್ಲಿ ಒಂದು ಕಳ್ಳ, ಅದನ್ನು ಕೀಳಬೇಕಾದೀತು. ಯಾವುದೆಂದು ಎಕ್ಸ್‌ರೇ ಹೇಳುತ್ತದೆ. ಬಿಲ್ಲೆ ಕಚ್ಚಿಸಿ, ಗುಂಡಿ ಒತ್ತಿದರು. ಚಿತ್ರ ಕಂಪ್ಯೂಟರಿಗೆ ಹೋಗಿ ಕೂತಿತು.

ಆಗಲೇ ತೆರೆದು ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅರ್ಧ ಪರದೆಯಲ್ಲಿ ಅತ್ತೆಗೆ ಚಿತ್ರ ತೋರಿಸುವುದೇ? ಒಂದು ಸಲ ಆರಿಸಿ ಹೊತ್ತಿಸಿದರೆ ಹೊಸ ಕರ್ನಲ್, ಹೊಸ ಡ್ರೈವರ್, ಗೋಡೆ ತುಂಬ ಅತ್ತೆಯ ದವಡೆ! ಯಂತ್ರ ಏಳುವಷ್ಟರಲ್ಲಿ ದವಡೆಯೂ ಮರಗಟ್ಟಿರಲಿ ಎಂದು ಡಾಕ್ಟರು ಕೆಳಗಿನ ಎಡಭಾಗಕ್ಕೆ ಇಂಜೆಕ್ಷನ್ ಕೊಟ್ಟರು. ಹತ್ತಿ ಉಂಡೆ ಇಟ್ಟು ಬಾಯಿ ಮುಚ್ಚಿಸಿದರು. ಆಮೇಲೆ ತಿರುಗಿ ನೋಡಿದರೆ ಡ್ರೈವರ್ ಕಟ್ಟುವ ಕೆಲಸ ಇನ್ನೂ ನಡೆಯುತ್ತಲೇ ಇತ್ತು. "ಇಷ್ಟು ಹೊತ್ತು ಕಟ್ಟೋಕೆ ಇದೇನು ಅರಮನೆಯಾ" ಎಂದು ಗೊಣಗಿ, ಮೇಜು ಕುಟ್ಟಿ ಬೇಡವೆಂದಿದ್ದನ್ನು ತಾವೇ ಮಾಡಿದರು. ಗುಂಡಿ ಒತ್ತಿ ಆರಿಸಿ ಹೊತ್ತಿಸಿದರು.

"ನೋಡ್ತಿರಿ ಅತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಏಳುತ್ತೆ" ಅಂದರು.

ಅತ್ತೆಯವರು ಕಣ್ಣು ಮಿಟುಕಿಸಿದರು. ಮತ್ತೆ ಮಿಟುಕಿಸಿದರು. ಗೋಡೆಯ ಮೇಲೆ ಊಟದ ಮೇಜಿನಷ್ಟು ದೊಡ್ಡ ಕತ್ತಲೆ, ಅದರ ಮೂಲೆಯಲ್ಲಿ ಮಿಣಮಿಣ ಎನ್ನುವ ಒಂದು ಬಿಳಿ ಗೆರೆ. ಮುಂಚೆ ಅರ್ಧವಾದರೂ ಬೆಳಕಿತ್ತು!

ಡಾಕ್ಟರು ಮುಖದ ಮೇಲೆ ಮಾತ್ರ ನಗು ಉಳಿಸಿಕೊಂಡರು. ಸುಮ್ಮನಿದ್ದರೆ ಅನುಮಾನ ಬರುತ್ತದೆಂದು ವಿವರಣೆಗೆ ಇಳಿದರು. ಕರ್ನಲ್ ಅಂದರೆ ಮನೆಯ ಹಿರಿಯರು ಇದ್ದ ಹಾಗೆ, ಡ್ರೈವರ್ ಅಂದರೆ ಅವರ ಕೈಕೆಳಗೆ ಓಡಾಡುವ ಅಳಿಯ, ಹಿರಿಯರು ಒಪ್ಪದಿದ್ದರೆ ಅಳಿಯನಿಗೆ ಮನೆಯೊಳಗೆ ಪ್ರವೇಶವೇ ಇಲ್ಲ, ಈಗ ಹೊಸ ಅತ್ತೆ ಬಂದಿದ್ದಾಳೆ, ಅಳಿಯ ಇನ್ನೂ ಅರ್ಧ ತಯಾರು, ಅದಕ್ಕೇ ಹಟ ಹಿಡಿದು ಕತ್ತಲಲ್ಲಿ ಕೂತಿದ್ದಾಳೆ ಎಂದು ಒಂದೇ ಉಸಿರಿನಲ್ಲಿ ಹೇಳಿದ ಮೇಲೆ, ಕೇಳುತ್ತಿರುವವರು ಯಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಅತ್ತೆಯವರು ಹತ್ತಿ ಉಂಡೆಯ ಹಿಂದಿನಿಂದ ದುರುಗುಟ್ಟಿ ನೋಡಿದರು.

ಉಪಾಯ ಇಲ್ಲದಿಲ್ಲ. ಹಳೆಯ ಕರ್ನಲ್ ಒಳಗೇ ಇದೆ, ಅದರ ಜೊತೆ ಹಳೆಯ ಡ್ರೈವರೂ ಇದೆ. ಯಂತ್ರ ಏಳುವಾಗ ಯಾವ ಕರ್ನಲ್ ಬೇಕು ಎಂದು ಕೇಳುವ ಒಂದು ಪಟ್ಟಿ ಬರುತ್ತದೆ, ಅಲ್ಲಿ ಹಳೆಯದನ್ನು ಆರಿಸಿಕೊಂಡರಾಯಿತು. ಜಗತ್ತಿನ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಆ ಪಟ್ಟಿ ಒಂದಷ್ಟು ಹೊತ್ತು ನಿಂತು ಕಾಯುತ್ತದೆಯೋ ಏನೋ. ಈ ಯಂತ್ರದಲ್ಲಿ ಕಾಯುವುದಿಲ್ಲ. ಯಾಕೆಂದರೆ ಬೇಗ ಏಳುತ್ತದೆಂದು ಬೀಗಲಿಕ್ಕಾಗಿ ಡಾಕ್ಟರೇ ಆ ಕಾಯುವ ಹೊತ್ತನ್ನು ಸೊನ್ನೆ ಮಾಡಿ, ಪಟ್ಟಿಯನ್ನು ಮರೆಮಾಡಿಟ್ಟಿದ್ದರು. ಈಗ ಅದನ್ನು ಕಾಣಬೇಕಾದರೆ ಯಂತ್ರದ ಕಂಪನಿಯ ಗುರುತು ಮೂಡಿ ಮರೆಯಾಗುವ ಆ ಒಂದು ಚಣದಲ್ಲೇ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ಚೂರು ಮೊದಲಾದರೆ ಬೇರೇನೋ ತೆರೆಯುತ್ತದೆ, ಚೂರು ತಡವಾದರೆ ಮತ್ತದೇ ಕತ್ತಲೆ.

ಡಾಕ್ಟರು ರೋಗಿಗೆ ಬೆನ್ನು ಹಾಕಿ, ಬೆಕ್ಕು ಇಲಿಬಿಲದ ಮುಂದೆ ಕೂತ ಹಾಗೆ ಕೂತರು. ಆರಿಸಿದರು, ಹೊತ್ತಿಸಿದರು, ಒತ್ತಿದರು. ಕತ್ತಲೆ. ಮತ್ತೆ ಹೊತ್ತಿಸಿದರು. ಗುರುತು ಮೂಡುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ "ಊಂ" ಎಂಬ ಸದ್ದು ಬಂತು. ತಿರುಗಿದರೆ ಅತ್ತೆಯವರು ಬೆರಳನ್ನು ಮೇಲಕ್ಕೆತ್ತಿ ತೋರಿಸುತ್ತಿದ್ದಾರೆ. ಓಹೋ, ಫ್ಯಾನಿನ ಗಾಳಿ ಹೆಚ್ಚಾಗಿದೆ ಎಂದು ಎದ್ದು ಫ್ಯಾನ್ ಆರಿಸಿ ಬಂದರು. ಅಷ್ಟರಲ್ಲಿ ಚಣ ಜಾರಿ ಹೋಗಿತ್ತು.

"ರೀ, ಏನು ಅಷ್ಟು ಸಲ ಟುಂಯ್ ಟುಂಯ್ ಅಂತಿದೆ?" ಎಂದು ಗಾಜಿನಾಚೆಯಿಂದ ಡಾಕ್ಟರಮ್ಮನ ದನಿ.

"ಏನಿಲ್ಲ, ಬಿಸಿಯಾಗ್ತಿದೆ."

"ಕಂಪ್ಯೂಟರಾ, ನೀವಾ?"

ಡಾಕ್ಟರ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು, ಫ್ಯಾನನ್ನು ಬೇರೆ ತಾವೇ ಆರಿಸಿದ್ದರು. ಮತ್ತೆ ಹೊತ್ತಿಸಿದರು. ಮತ್ತೆ "ಊಂ ಊಂ". ಅತ್ತೆಯವರ ಬೆರಳು ಮತ್ತೆ ಮೇಲಕ್ಕೆ. ದೀಪ ಕಣ್ಣಿಗೆ ಹೊಡೆಯುತ್ತಿರಬೇಕೆಂದು ದೀಪ ಸರಿಸಿದರು. ಮೂರನೆಯ ಸಲ ಬೆರಳು ಎದ್ದಾಗ ಸರಿಸಲು ಏನೂ ಉಳಿದಿರಲಿಲ್ಲ. ಮೇಲಿರುವವನು ಎಲ್ಲ ನೋಡುತ್ತಿದ್ದಾನೆ ಎನ್ನುತ್ತಿದ್ದಾರೆಂದು ತಿಳಿದು ಡಾಕ್ಟರು ತಲೆ ತಗ್ಗಿಸಿದರು.

ಕಂಪ್ಯೂಟರಿನ ಹಂಗಿಲ್ಲದೆ ಹಲ್ಲನ್ನು ಹಿಡಿಯೋಣವೆಂದು ಕೈಗನ್ನಡಿಯ ಹಿಡಿಕೆಯಿಂದ ಎರಡು ಹಲ್ಲುಗಳನ್ನೂ ಮೆಲ್ಲಗೆ ತಟ್ಟಿ ನೋಡಿದರು. ಯಾವುದಕ್ಕೆ ತಟ್ಟಿದರೂ ಅತ್ತೆಯವರ ಮುಖ ಕಲ್ಲಿನಂತೆ ನಿಶ್ಚಲ. ದವಡೆಯೇ ಮರಗಟ್ಟಿ ಕೂತಿರುವಾಗ ಹಲ್ಲು ಏನು ಸಾಕ್ಷಿ ಹೇಳೀತು? ಆ ಸಾಕ್ಷಿಯ ಬಾಯಿಯನ್ನು ಇಂಜೆಕ್ಷನ್ ಕೊಟ್ಟು ಮುಚ್ಚಿಸಿದವರು ತಾವೇ! ಹೊಸ ಎಕ್ಸ್‌ರೇ ತೆಗೆಯೋಣವೆಂದರೆ ಅದೂ ಇದೇ ಕತ್ತಲೆಗೇ ಹೋಗಬೇಕು. ನಾಳೆ ಬನ್ನಿ ಎನ್ನೋಣವೆಂದರೆ ನಾಳೆ ಎದುರು ಬೀದಿಯವನು ಬಾಗಿಲು ತೆಗೆದು ನಗುತ್ತ ನಿಂತಿರುತ್ತಾನೆ.

ಡಾಕ್ಟರ ಕೈ ತಟ್ಟೆಯಲ್ಲಿದ್ದ ಇಕ್ಕಳದ ಮೇಲೆ ಹೋಯಿತು. ಹಿಂದಿನದು ಇರಬಹುದು. ಹಿಂದಿನದೇ ಇರಬೇಕು. ಕುರುಡು ಅದೃಷ್ಟಕ್ಕೆ ಬಿಟ್ಟರೂ ಅರ್ಧ ಗೆಲುವು ಖಂಡಿತ. ಕಿತ್ತು ಕೈಗಿಟ್ಟರೆ ಅತ್ತೆಯವರಿಗೆ ಗೊತ್ತಾಗುವುದಾದರೂ ಹೇಗೆ?

ಇಕ್ಕಳ ಎತ್ತಿದರು. ಅತ್ತೆಯವರು ಕಣ್ಣು ಮುಚ್ಚಿಕೊಂಡು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದರು. ಆ ಬೆರಳುಗಳು ಬಿಳಚಿದ್ದನ್ನು ನೋಡಿ ಡಾಕ್ಟರಿಗೆ ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು. ಇಕ್ಕಳವನ್ನು ಮರಳಿ ತಟ್ಟೆಗೆ ಇಟ್ಟರು.

"ಅತ್ತೆ, ಯಾವ ಹಲ್ಲು ಅಂತ ನನಗೆ ಗೊತ್ತಾಗ್ತಿಲ್ಲ. ಚಿತ್ರ ಕಾಣೋವರೆಗೂ ನಾನು ಕೀಳಲ್ಲ. ಬೇಕಾದರೆ ನಾಳೆ ನೀವು ಎದುರು ಬೀದಿಗೆ ಹೋಗಿ, ನನಗೇನೂ ಬೇಜಾರಿಲ್ಲ" ಅಂದರು. ಬೇಜಾರಿಲ್ಲ ಎನ್ನುವಾಗ ದನಿ ಒಡೆದದ್ದು ಅವರಿಗೇ ಕೇಳಿಸಿತು.

ಅತ್ತೆಯವರು ಒಂದು ಕಣ್ಣು ತೆರೆದು ನೋಡಿದರು. ಎದ್ದು ಹೋಗಲಿಲ್ಲ. ಬೆರಳನ್ನು ಮತ್ತೆ ಮೇಲಕ್ಕೆತ್ತಿದರು.

ಡಾಕ್ಟರು ಪುನಃ ಕಂಪ್ಯೂಟರಿನ ಮುಂದೆ ಕೂತರು. ಅಷ್ಟರಲ್ಲಿ ಆಚೆ ಮೇಷ್ಟ್ರ ಚಿಕಿತ್ಸೆ ಮುಗಿಯಿತು. ಡಾಕ್ಟರಮ್ಮ ಕೈಗವಸು ಕಳಚುತ್ತ ಈಚೆ ಬಂದರು. ಅವರ ಹಿಂದೆಯೇ ಮೇಷ್ಟ್ರೂ ಓರೆಯಾದ ತುಟಿಯನ್ನು ಹಿಡಿದುಕೊಂಡು ಕುತೂಹಲದಿಂದ ಇಣುಕಿದರು. ಕತ್ತಲ ಗೋಡೆ, ಫ್ಯಾನಿಲ್ಲದ ಸೆಕೆ, ಬೇರೆಲ್ಲೋ ಬೆಳಗುತ್ತಿರುವ ದೀಪ, ಬೆವರಿನಲ್ಲಿ ತೊಯ್ದ ಗಂಡ, ಬೆರಳೆತ್ತಿ ಕೂತ ತಾಯಿ. ಡಾಕ್ಟರಮ್ಮ ಸೀದಾ ತಾಯಿಯ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟರು.

"ಅಮ್ಮಾ, ಇನ್ನೂ ನೋಯ್ತಿದೆಯಾ?"

ಅತ್ತೆಯವರು ಕುರ್ಚಿಯೇ ಅಲುಗಾಡುವ ಹಾಗೆ ತಲೆಯಾಡಿಸಿದರು. ಇಷ್ಟು ಹೊತ್ತಿನಿಂದ ಆ ಒಂದು ಪ್ರಶ್ನೆಗಾಗಿಯೇ ಕಾದಿದ್ದರೆಂದು ಕಾಣುತ್ತಿತ್ತು.

"ಮೊದಲಿನಷ್ಟೇ?"

ಮತ್ತೆ ತಲೆಯಾಡಿತು.

"ರೀ," ಎಂದರು ಡಾಕ್ಟರಮ್ಮ, ಪರೀಕ್ಷೆಯಲ್ಲಿ ಮೌಖಿಕ ಪ್ರಶ್ನೆ ಕೇಳುವ ದನಿಯಲ್ಲಿ. "ಕೆಳಗಿನ ದವಡೆ ಪೂರ್ತಿ ಮರಗಟ್ಟಿದೆ. ಆದರೂ ನೋವು ಹಾಗೇ ಇದೆ. ಅಂದರೆ ಏನರ್ಥ?"

ಎಸ್ಕೇಪ್ ಕೀಲಿಯ ಮೇಲಿದ್ದ ಡಾಕ್ಟರ ಬೆರಳು ಹಾಗೇ ನಿಂತಿತು. ಹಲ್ಲಿನ ಕಾಲೇಜಿನ ಮೊದಲ ಪಾಠಗಳಲ್ಲಿ ಒಂದು. ಮೇಲಿನ ಹಲ್ಲಿನ ನೋವು ಕೆಳಗೆ ಬಂದಂತೆ ತೋರುವುದುಂಟು. ಕೆಳಗೆ ಮರಗಟ್ಟಿಸಿದರೂ ನೋವು ಹೋಗದಿದ್ದರೆ ಕಳ್ಳ ಮೇಲಿದ್ದಾನೆ. ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೇ ರೋಗಿಯ ಕಡೆ ತಿರುಗಿ, ನೋವು ಹೋಯಿತೇ ಎಂದು ಕೇಳಿದ್ದರೆ ಸಾಕಿತ್ತು! ಫ್ಯಾನಲ್ಲ, ದೀಪವಲ್ಲ, ಭಗವಂತನೂ ಅಲ್ಲ. ಆ ಬೆರಳು ತೋರಿಸುತ್ತಿದ್ದದ್ದು ಮೇಲಿನ ಹಲ್ಲನ್ನು.

"ಮೇಲಿನದು" ಎಂದು ಡಾಕ್ಟರು ನೆಲ ನೋಡುತ್ತ ಹೇಳಿದರು. ಹೇಳುವಾಗ ಒಂದು ಕೈ ತಾನಾಗಿಯೇ ಯಂತ್ರವನ್ನು ಆರಿಸಿ ಹೊತ್ತಿಸಿತು, ಇನ್ನೊಂದು ಕೀಲಿಯನ್ನು ಒತ್ತಿತು. ಆ ದರಿದ್ರ ಪಟ್ಟಿ, ಅಷ್ಟೊಂದು ಏಕಾಗ್ರತೆಗೆ ಸಿಗದೆ ಆಟವಾಡಿಸಿದ್ದು, ನೋಡದೆ ಒತ್ತಿದ ಈ ಬೆರಳಿಗೆ ಸಿಕ್ಕಿಬಿಟ್ಟಿತು. ಪಟ್ಟಿಯಲ್ಲಿ ಆರಿಸಿಕೊಂಡೊಡನೆ ಹಳೆಯ ಕರ್ನಲ್ ಏನೂ ಆಗದಂತೆ ಎದ್ದು ಕೂತಿತು.

ಚಿತ್ರ ಬಂತು, ಮತ್ತದೇ ಅರ್ಧ ಪರದೆಯಲ್ಲಿ. ಅರ್ಧವೇ ಧಾರಾಳವಾಗಿತ್ತು. ಬಿಲ್ಲೆ ಕಚ್ಚಿದಾಗ ಮೇಲಿನ ಹಲ್ಲುಗಳೂ ಚಿತ್ರದಲ್ಲಿ ಬಿದ್ದಿದ್ದವು. ಡಾಕ್ಟರು ಅನುಮಾನಪಟ್ಟ ಕೆಳಗಿನ ಅವಳಿಗಳು ಎರಡೂ ಗಟ್ಟಿಮುಟ್ಟಾಗಿದ್ದವು. ಮೇಲಿನ ಹಲ್ಲಿನ ಮಗ್ಗುಲಲ್ಲಿ, ಪಕ್ಕದ ಹಲ್ಲಿನ ಮರೆಯಲ್ಲಿ, ಕಪ್ಪಗೆ ಒಂದು ತೂತು. ಕೀಳುವ ಪ್ರಶ್ನೆಯೇ ಇಲ್ಲ. ಶುಚಿ ಮಾಡಿ ತುಂಬಿದರೆ ಮುಗಿಯಿತು. ಆಗ ಇಕ್ಕಳ ಹಾಕಿದ್ದರೆ ಯಾವುದನ್ನು ಕಿತ್ತರೂ ಒಳ್ಳೆಯ ಹಲ್ಲೇ ಹೋಗುತ್ತಿತ್ತು ಎಂದು ಹೊಳೆದು ಡಾಕ್ಟರು ತಟ್ಟೆಯಲ್ಲಿದ್ದ ಇಕ್ಕಳವನ್ನು ಕಣ್ಣಿಗೆ ಬೀಳದಂತೆ ಬಟ್ಟೆಯಿಂದ ಮುಚ್ಚಿದರು.

ಅವರು ಕೈಗವಸು ಹಾಕಿಕೊಳ್ಳಲು ಹೊರಟರು. ಅತ್ತೆಯವರು ಮಗಳ ಕೈಯನ್ನು ಹಿಡಿದುಕೊಂಡು ಬಿಡಲಿಲ್ಲ. ಕೀಳುವುದಾದರೆ ನನ್ನ ಕೈ ನಡುಗುತ್ತದೆ, ತುಂಬುವುದಕ್ಕೆ ನಡುಗಲ್ಲ ಎನ್ನುತ್ತ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. ಮೇಲಿನ ಹಲ್ಲಿಗೆ ಬೇರೆ ಇಂಜೆಕ್ಷನ್ ಕೊಟ್ಟು, ನೋವು ಹೋಯಿತೇ ಎಂದು ಕೇಳಿ, ಹೋಯಿತೆಂದ ಮೇಲೆ ಕೆಲಸಕ್ಕೆ ಇಳಿದರು. ಒಮ್ಮೆಯೂ ಕೈ ನಡುಗಲಿಲ್ಲ.

ಡಾಕ್ಟರಿಗೆ ಉಳಿದದ್ದು ಮೂಲೆಯ ಕಂಪ್ಯೂಟರ್. ಅವಮಾನವನ್ನು ಹಲ್ಲುಕಚ್ಚಿ ನುಂಗಿ, ಅರ್ಧಕ್ಕೆ ನಿಂತ ಡ್ರೈವರನ್ನು ಮತ್ತೆ ಮೊದಲಿನಿಂದ ಕಟ್ಟಲು ಬಿಟ್ಟರು. ಈ ಸಲ ಅದು ಮುಗಿಯಿತೆಂದು ತಾನಾಗಿ ಹೇಳುವವರೆಗೂ ಕೈಗಳನ್ನು ತೊಡೆಗಳ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು. ಪಟ್ಟಿ ಕಾಯುವ ಹೊತ್ತನ್ನೂ ಸರಿಮಾಡಿದರು. ಆಮೇಲೆ ಆರಿಸಿ ಹೊತ್ತಿಸಿದರು. ಹೊಸ ಕರ್ನಲ್ ನಿಧಾನವಾಗಿ, ಮರ್ಯಾದೆಯಿಂದ ಎದ್ದಿತು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಅತ್ತೆಯ ದವಡೆ ಝಗಝಗಿಸಿತು. ಬಾಗಿಲಲ್ಲೇ ನಿಂತಿದ್ದ ಸಂಗೀತದ ಮೇಷ್ಟ್ರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.

ಹಲ್ಲು ತುಂಬಿದ್ದೂ ಆಗಿತ್ತು. ಅತ್ತೆಯವರು ಬಾಯಿ ಮುಕ್ಕಳಿಸಿ, ಗೋಡೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಅಳಿಯನ ಕಡೆ ತಿರುಗಿದರು. ಡಾಕ್ಟರು ಎದ್ದು ನಿಂತರು.

"ಅಳಿಯಂದಿರೇ," ಅಂದರು ಅತ್ತೆಯವರು, ಮರಗಟ್ಟಿದ ತುಟಿಯಿಂದ ಒಂದೊಂದೇ ಮಾತನ್ನು ಎತ್ತಿಡುತ್ತ, "ಆ ಎದುರು ಬೀದಿಯವರು ಇಷ್ಟು ವರ್ಷದಲ್ಲಿ ಒಂದು ಸಲಾನೂ ಗೊತ್ತಾಗ್ತಿಲ್ಲ ಅಂದವರಲ್ಲ. ಗೊತ್ತು ಗೊತ್ತು ಅಂತಲೇ ಮೂರು ಹಲ್ಲು ಕಿತ್ತರು. ನೀವು ಇಕ್ಕಳ ಕೆಳಗಿಟ್ರಿ. ಇನ್ನು ಮೇಲೆ ನಾನು ಇಲ್ಲಿಗೇ ಬರೋದು."

ಡಾಕ್ಟರ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಾದ ಮಾತು, ಅದೂ ಆ ದೊಡ್ಡ ಪರದೆಯ ಮುಂದೆಯೇ ಬಂದಿತ್ತು. ಪರದೆಯ ಅಂಚನ್ನು ಅಂಗಿಯ ತೋಳಿನಿಂದ ಒರೆಸತೊಡಗಿದರು.

"ಒಂದೇ ಒಂದು ಬೇಡಿಕೆ" ಎಂದು ಅತ್ತೆಯವರು ಸೆರಗು ಸರಿಮಾಡಿಕೊಂಡು ಕುರ್ಚಿಯಿಂದ ಇಳಿದರು. "ನಾನು ಬರೋ ದಿನ ತಪ್ಪದೆ ಈ ಕಂಪ್ಯೂಟರ್ ರಿಪೇರಿಗೆ ಕೂತ್ಕೊಳ್ಳಿ. ನಿಮ್ಮ ಕೈ ಇದರ ಬಾಯೊಳಗೆ ಇದ್ರೇನೇ, ನನ್ನ ಬಾಯಿಗೆ ನನ್ನ ಮಗಳು ಸಿಗೋದು."